ಕರ್ತನು ತಿದ್ದುವಾಗ ನಾನು ಮಾಡುವುದು

ಕರ್ತನ (ದೇವರ) ಶಿಕ್ಷೆಯನ್ನು ತಾತ್ಸಾರ ಮಾಡಬೇಡ, ಆತನು ಗದರಿಸಿದಾಗ ಬೇಸರಗೊಳ್ಳಬೇಡ ಅನ್ನುತ್ತದೆ ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ 12ನೇ ಅಧ್ಯಾಯ. ತಾತ್ಸಾರ ನನ್ನ ಸಮಸ್ಯೆ ಅಲ್ಲ, ಬೇಸರವೇ ಜಾಸ್ತಿ. ಯಾರಾದರೂ ತಿದ್ದಿದರೆ ದೇವರೇ ಕೈಬಿಟ್ಟ ಹಾಗೆ ಕುಗ್ಗಿಹೋಗುತ್ತಿದ್ದೆ. ಅದೇ ಅಧ್ಯಾಯ ಹೇಳುವುದಾದರೂ ಏನು? ಮಗನೆಂದೇ ತಂದೆ ಶಿಕ್ಷಿಸುತ್ತಾನೆ ಅಂತ.

ಒಮ್ಮೆ ಬೈಬಲ್ ಅಧ್ಯಯನ ಮುಗಿದ ಮೇಲೆ ಸಭೆಯ ಹಿರಿಯರೊಬ್ಬರು ಪಕ್ಕಕ್ಕೆ ಕರೆದರು. "ಬ್ರದರ್, ಹೊಸಬರು ಪ್ರಶ್ನೆ ಕೇಳಿ ಮುಗಿಸೋಕೂ ನೀವು ಬಿಡಲ್ಲ. ಅವರು ಹೆದರ್ತಾರೆ" ಅಂದರು. ಟೈಮ್ ಇರಲಿಲ್ಲ, ಪ್ರಶ್ನೆ ಎಲ್ಲೆಲ್ಲೋ ಹೋಗುತ್ತಿತ್ತು ಎಂದು ಹೇಳಲು ಬಾಯಿ ತುದಿಗೆ ಬಂದಿತ್ತು. ತಡೆದುಕೊಂಡೆ. "ಪ್ರಾರ್ಥನೆಯಲ್ಲಿ ಇಡ್ತೀನಿ ಅಣ್ಣ" ಅಂದೆ.

ಆ ರಾತ್ರಿ ಬೈಬಲಿನ 1 ಸಮುವೇಲ 15, 2 ಸಮುವೇಲ 12 ಈ ಎರಡು ಅಧ್ಯಾಯಗಳನ್ನೂ ಒಟ್ಟಿಗೆ ಓದಿದೆ. ಶತ್ರುಗಳ ದನಕುರಿಗಳನ್ನೆಲ್ಲ ನಾಶಮಾಡು ಎಂಬ ದೇವರ ಆಜ್ಞೆಯನ್ನು ಯಾಕೆ ಮೀರಿದೆ ಅಂತ ಪ್ರವಾದಿ ಸಮುವೇಲನು ಕೇಳಿದಾಗ ರಾಜ ಸೌಲನು, ಜನರೇ ಒಳ್ಳೆಯ ಕುರಿಗಳನ್ನು ಯಜ್ಞಕ್ಕೆಂದು ಉಳಿಸಿದರು ಅನ್ನುತ್ತಾನೆ. ಆಮೇಲೆ ಪಾಪ ಒಪ್ಪಿಕೊಂಡರೂ, ಹಿರಿಯರ ಮುಂದೆ ನನ್ನ ಮಾನ ಉಳಿಸು ಅಂತ ಬೇಡುತ್ತಾನೆ. ಸೌಲನ ನಂತರ ಬಂದ ರಾಜ ದಾವೀದನ ಪಾಪ ಸಣ್ಣದೇನಲ್ಲ, ಬೇರೆಯವನ ಹೆಂಡತಿಯನ್ನು ತನ್ನವಳಾಗಿಸಿಕೊಂಡು ಆ ಗಂಡನನ್ನು ಕೊಲ್ಲಿಸಿದ್ದ. ಆದರೆ ಪ್ರವಾದಿ ನಾತಾನನು "ಆ ಮನುಷ್ಯನು ನೀನೇ" ಅಂದಾಗ ಅವನ ಉತ್ತರ ಒಂದೇ ಸಾಲು: ಯೆಹೋವನಿಗೆ ವಿರುದ್ಧ ಪಾಪಮಾಡಿದ್ದೇನೆ. ನೆಪವಿಲ್ಲ, ಬೇರೆಯವರ ಹೆಸರಿಲ್ಲ. ಕೂಡಲೇ ಕ್ಷಮೆಯ ಮಾತು ಬರುತ್ತದೆ. ಆದರೂ ನೋವು ತಪ್ಪಲಿಲ್ಲ, ಆ ಹೆಂಗಸಿನಲ್ಲಿ ಅವನಿಗೆ ಹುಟ್ಟಿದ ಮಗು ಸತ್ತಿತು. ಕ್ಷಮೆ ಸಿಕ್ಕಿದೆ, ಶಿಸ್ತೂ ನಡೆಯುತ್ತಿದೆ. ಇದನ್ನು ಅರಗಿಸಿಕೊಳ್ಳಲು ನನಗೆ ತುಂಬ ದಿನ ಬೇಕಾಯಿತು.

ಈಗ ಯಾರಾದರೂ ತಿದ್ದಿದರೆ ಅವರ ಮಾತನ್ನು ಹಾಗೆಯೇ ಬರೆದಿಡುತ್ತೇನೆ. ಪಕ್ಕದಲ್ಲಿ ನನ್ನ ಕಾರಣ ಬರೆಯುವುದಿಲ್ಲ. 139ನೇ ಕೀರ್ತನೆಯ ಕೊನೆಯ ಎರಡು ವಚನ ಜೋರಾಗಿ ಓದಿ, ನನ್ನ ಹೃದಯವನ್ನು ಪರೀಕ್ಷಿಸಪ್ಪಾ ಅಂತ ಸುಮ್ನೆ ಕೂರುತ್ತೇನೆ. ಯಾರಿಗೆ ನೋವಾಯಿತು, ಯಾವ ಮಾತಿನಿಂದ ಅನ್ನುವುದು ಸ್ಪಷ್ಟವಾದರೆ ಅವರ ಹತ್ತಿರ ಹೋಗುತ್ತೇನೆ. 'ನೀನು ಯಾವುದಕ್ಕೂ ಲಾಯಕ್ಕಿಲ್ಲ' ಎಂಬ ಒಂದೇ ರಾಗ ಒಳಗೆ ಕೇಳುತ್ತಿದ್ದರೆ ಅದು ತಂದೆಯ ಸ್ವರವಲ್ಲ. ಆಗ ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯ ತೆರೆಯುತ್ತೇನೆ. ಕ್ರಿಸ್ತ ಯೇಸುವಿನಲ್ಲಿರುವವರಿಗೆ ಅಪರಾಧ ನಿರ್ಣಯವಿಲ್ಲ ಅಂತ ಮೊದಲ ವಚನವೇ ಹೇಳುತ್ತದೆ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಬೇರೆಯವರ ಕಾಯಿಲೆಯನ್ನೋ ಸಾವನ್ನೋ ದೇವರ ಶಿಕ್ಷೆ ಅಂತ ನಾನು ಹೇಳುವುದಿಲ್ಲ. ಹುಟ್ಟು ಕುರುಡನನ್ನು ಕಂಡು, ಯಾರ ಪಾಪ ಇದು ಅಂತ ಶಿಷ್ಯರು ಕೇಳಿದಾಗ ಯೇಸು ಆ ಲೆಕ್ಕವನ್ನೇ ಒಪ್ಪಲಿಲ್ಲ. ನೀತಿವಂತನಾಗಿದ್ದೂ ನರಳಿದ ಯೋಬನ ಸ್ನೇಹಿತರು ಅದೇ ಲೆಕ್ಕ ಹಾಕಿ ದೇವರಿಂದ ಬೈಸಿಕೊಂಡರು. ದುಃಖದಲ್ಲಿರುವವರ ಮನೆಗೆ ಹೋದರೆ ಪ್ರಾರ್ಥನೆ ಮಾಡಿ, ಕೈಲಾದ ಕೆಲಸ ಮಾಡಿಕೊಟ್ಟು ಬರುತ್ತೇನೆ.