ಸ್ಕ್ರಾಲ್ ಸಾ ಕೆಲಸ: ಕಲಿಕೆ ಬ್ಲೇಡಿನಿಂದ ಶುರುವಾಗಲಿ

ಸ್ಕ್ರಾಲ್ ಸಾ ಅಂದರೆ ಎರಡು ತೋಳುಗಳ ನಡುವೆ ಬಿಗಿದ ಸಣ್ಣ ಬ್ಲೇಡು ಮೇಲೆ ಕೆಳಗೆ ಓಡಿ ಮರದಲ್ಲಿ ಬಾಗು ಗೆರೆ, ಕುಸುರಿ ಕೊಯ್ಯುವ ಮಿಷನ್ನು. ಅದನ್ನು ತಂದ ಹೊಸತರಲ್ಲಿ ಮರದ ಅಂಚು ಕಪ್ಪಾಗಿ ಸುಡುತ್ತದೆ, ಗೆರೆ ಬಿಟ್ಟು ಬ್ಲೇಡು ಎತ್ತಲೋ ಹೋಗುತ್ತದೆ, ಹತ್ತು ನಿಮಿಷಕ್ಕೊಂದು ಬ್ಲೇಡು ಪಟ್ಟನೆ ತುಂಡಾಗುತ್ತದೆ. ಬೈಗುಳ ಬೀಳುವುದು ಮಿಷನ್ನಿಗೆ. ಆದರೆ ಈ ಮೂರಕ್ಕೂ ಕಾರಣ ಹೆಚ್ಚಿನ ಸಲ ಬ್ಲೇಡೇ: ಮರಕ್ಕೆ ಹೊಂದದ ನಂಬರು, ಸಾಲದ ಬಿಗಿ, ಇಲ್ಲವೇ ಸವೆದರೂ ಬದಲಿಸದ ಹಲ್ಲು. ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಮನೆಯ ಒಂದು ಮೂಲೆಯಲ್ಲಿ ಈ ಹವ್ಯಾಸ ಶುರು ಮಾಡುವವರು ಮಿಷನ್ನಿಗಿಂತ ಬ್ಲೇಡಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಂಡರೆ ಲಾಭ.

ಮಿಷನ್ನಿನ ಮಾತು ಮೊದಲು ಮುಗಿಸೋಣ. 16 ಇಂಚಿನ ಮಿಷನ್ನು ಅಂದರೆ ಬ್ಲೇಡಿನಿಂದ ಹಿಂದಿನ ಕಂಬದವರೆಗೆ ಅಷ್ಟು ಜಾಗ ಇರುವಂಥದ್ದು. ಮನೆ ಕೆಲಸಕ್ಕೆ ಅದು ಧಾರಾಳ ಸಾಕು. ಕೊಳ್ಳುವಾಗ ಎರಡನ್ನು ಬಿಟ್ಟುಕೊಡಬೇಡಿ. ಒಂದು, ಪಿನ್ನಿಲ್ಲದ ಬ್ಲೇಡು ಹಿಡಿಯುವ ಕ್ಲ್ಯಾಂಪು. ಪಿನ್ನಿನ ಬ್ಲೇಡಿಗೆ ಎರಡೂ ತುದಿಯಲ್ಲಿ ಅಡ್ಡ ಕಡ್ಡಿ ಇರುತ್ತದೆ. ಅದು ತೂರಲು ಸುಮಾರು 5 ಮಿ.ಮೀ. ತೂತು ಬೇಕು. ಪಿನ್ನಿಲ್ಲದ್ದಕ್ಕೆ 1.5ರಿಂದ 2 ಮಿ.ಮೀ. ತೂತು ಸಾಕು. ಸಣ್ಣ ಕುಸುರಿ ಮಾಡುವ ಆಸೆಯಿದ್ದರೆ ಪಿನ್ನಿನ ಬ್ಲೇಡು ಮಾತ್ರ ಹಿಡಿಯುವ ಮಿಷನ್ನು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಎರಡನೆಯದು, ವೇಗ ಏರಿಸಿ ಇಳಿಸುವ ತಿರುಪು; ನಿಮಿಷಕ್ಕೆ 400ರಿಂದ 1600 ಹೊಡೆತ ಸಾಮಾನ್ಯ ಅಳತೆ. ಅಂಗಡಿಯಲ್ಲೇ ಮೇಲಿನ ತೋಳನ್ನು ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ ನೋಡಿ. ಲೊಡಲೊಡ ಅಂದರೆ ಅಲ್ಲೇ ಬಿಟ್ಟು ಬನ್ನಿ.

ತಂದ ಮೇಲೆ ಭಾರದ ಟೇಬಲ್ಲಿಗೆ ನಟ್ಟು ಬೋಲ್ಟು ಹಾಕಿ ಬಿಗಿಯಿರಿ, ನಡುವೆ ರಬ್ಬರ್ ಮ್ಯಾಟ್ ಇರಲಿ. ಮಿಷನ್ನು ನಡುಗಿದರೆ ಗೆರೆಯೂ ನಡುಗುತ್ತದೆ. ಕರೆಂಟು ಹೋಗಿ ಬರುವ ಹಳ್ಳಿಗಳಲ್ಲಿ ಕೈಯ ಫ್ರೆಟ್ ಸಾ (ಕುಸುರಿ ಕೊಯ್ಯುವ ಕೈಗರಗಸ) ಒಂದು ಜೊತೆಗಿರುವುದು ಒಳ್ಳೆಯದು. ಅದಕ್ಕೂ ಇದೇ 5 ಇಂಚಿನ ಪಿನ್ನಿಲ್ಲದ ಬ್ಲೇಡು ಹಿಡಿಸುತ್ತದೆ, ಕೊಂಡ ಬ್ಲೇಡು ಎರಡು ಕಡೆಯೂ ಬಳಕೆಗೆ ಬರುತ್ತದೆ.

ಬ್ಲೇಡು

ಬ್ಲೇಡುಗಳು ಡಜನ್ ಲೆಕ್ಕದಲ್ಲಿ ಸಿಗುತ್ತವೆ. ನಂಬರು ಏರಿದಂತೆ ಬ್ಲೇಡು ಅಗಲ, ಹಲ್ಲು ದೊಡ್ಡದು. 3, 5, 7 ಈ ಮೂರು ನಂಬರಿನಲ್ಲಿ ಒಂದೊಂದು ಡಜನ್ ತಂದರೆ ಮೊದಲ ಕೆಲವು ತಿಂಗಳಿಗೆ ಬೇರೇನೂ ಬೇಡ. 6 ಮಿ.ಮೀ. ಪ್ಲೈವುಡ್ಡಿಗೆ 3, 12ರಿಂದ 18 ಮಿ.ಮೀ. ಮರಕ್ಕೆ 5, ಅದಕ್ಕಿಂತ ದಪ್ಪದ ಅಥವಾ ಗಟ್ಟಿ ಮರಕ್ಕೆ 7. ಸುರುಳಿ ಬ್ಲೇಡು ಎಲ್ಲ ದಿಕ್ಕಿಗೂ ಕೊಯ್ಯುತ್ತದೆ ಅಂತ ಕೇಳಲು ಚೆನ್ನ, ಆದರೆ ಹೊಸಬರ ಕೈಯಲ್ಲಿ ಅದು ಗೆರೆಯ ಮೇಲೆ ನಿಲ್ಲುವುದಿಲ್ಲ, ಅಂಚೂ ಒರಟು. ಸದ್ಯಕ್ಕೆ ಬೇಡ.

ಹಲ್ಲು ಕೆಳಮುಖವಾಗಿರಬೇಕು. ಕಣ್ಣಿಗೆ ಕಾಣದಷ್ಟು ಸಣ್ಣ ಹಲ್ಲಾದರೆ ಬೆರಳನ್ನು ಮೆಲ್ಲಗೆ ಮೇಲಕ್ಕೆ ಸವರಿ. ಹಲ್ಲು ಕೆಳಮುಖ ಇದ್ದರೆ ಚರ್ಮಕ್ಕೆ ತಡೆಯುತ್ತದೆ. ರಿವರ್ಸ್ ಟೂತ್ ಬ್ಲೇಡಿನಲ್ಲಿ ಕೆಳಗಿನ ಕೆಲವು ಹಲ್ಲು ಮಾತ್ರ ಮೇಲ್ಮುಖ. ಹಲಗೆಯ ತಳಭಾಗ ಸಿಬಿರೇಳದಂತೆ ನೋಡಿಕೊಳ್ಳುವುದು ಅವುಗಳ ಕೆಲಸ. ತೋಳು ತುತ್ತತುದಿಗೆ ಏರಿದಾಗ ಆ ಹಲ್ಲುಗಳಲ್ಲಿ ಎರಡು ಮೂರು ಟೇಬಲ್ಲಿನ ಮೇಲೆ ಕಾಣಬೇಕು. ಕಾಣದಿದ್ದರೆ ಅವು ಮರವನ್ನು ಮುಟ್ಟುತ್ತಲೇ ಇಲ್ಲ.

ಹೊಸ ಬ್ಲೇಡಿನ ಮೈಗೆ ಎಣ್ಣೆಯ ಪಸೆ ಇರುತ್ತದೆ. ಎರಡೂ ತುದಿಯನ್ನು ಉಪ್ಪುಕಾಗದದಿಂದ ಒಮ್ಮೆ ಉಜ್ಜಿ ಕ್ಲ್ಯಾಂಪಿಗೆ ಹಾಕಿ, ಇಲ್ಲದಿದ್ದರೆ ಕೆಲಸದ ನಡುವೆ ಜಾರಿ ಹೊರಬರುತ್ತದೆ. ಬಿಗಿ ಮಾಡಿದ ಮೇಲೆ ಬೆರಳಿನಿಂದ ಮೀಟಿ. ತಂಬೂರಿ ತಂತಿಯಂತೆ ಟಿಣ್ ಅನ್ನಬೇಕು. ದಬ್ ಅಂದರೆ ಇನ್ನೂ ಸಡಿಲ. ಪಕ್ಕಕ್ಕೆ ಒತ್ತಿದರೆ 3 ಮಿ.ಮೀ.ಗಿಂತ ಹೆಚ್ಚು ಬಾಗಕೂಡದು. ಸಡಿಲ ಬ್ಲೇಡು ದಪ್ಪ ಮರದೊಳಗೆ ಹೊಟ್ಟೆ ಉಬ್ಬಿಸಿಕೊಂಡು ಹೋಗುತ್ತದೆ, ಮೇಲೆ ಗೆರೆ ಸರಿಯಾಗಿದ್ದರೂ ಅಂಚು ಒಳಗೆ ಬಾಗಿರುತ್ತದೆ.

ಗಟ್ಟಿ ಮರದಲ್ಲಿ ಒಂದು ಬ್ಲೇಡು 15ರಿಂದ 30 ನಿಮಿಷ ಚೆನ್ನಾಗಿ ಕೊಯ್ಯುತ್ತದೆ, ಅಷ್ಟೇ. ಪ್ಲೈವುಡ್ಡಿನ ಅಂಟು ಹಲ್ಲನ್ನು ಇನ್ನೂ ಬೇಗ ತಿನ್ನುತ್ತದೆ. ನಿಮಗೇ ಗೊತ್ತಿಲ್ಲದಂತೆ ಕೈ ಹೆಚ್ಚು ಒತ್ತಲು ಶುರು ಮಾಡಿದೆ ಅನ್ನಿಸಿದರೆ ಬ್ಲೇಡಿನ ಆಯಸ್ಸು ಮುಗಿದಿದೆ. ಮುರಿಯುವವರೆಗೆ ಕಾಯುವುದು ಉಳಿತಾಯವಲ್ಲ, ಅಷ್ಟರಲ್ಲಿ ಮರ ಹಾಳಾಗಿರುತ್ತದೆ.

ಇನ್ನೊಂದು ವಿಷಯ ತಿಳಿದಿರಲಿ. ಒತ್ತಿ ತಯಾರಿಸಿದ ಬ್ಲೇಡಿನ ಒಂದು ಮಗ್ಗುಲಲ್ಲಿ ಚೂಪು ಅಂಚು ಉಳಿದಿರುತ್ತದೆ, ಹಾಗಾಗಿ ಅದು ಸ್ವಲ್ಪ ಒಂದು ಕಡೆಗೆ, ಸಾಮಾನ್ಯವಾಗಿ ಬಲಕ್ಕೆ, ಎಳೆಯುತ್ತದೆ. ಮರವನ್ನು ಮೂರರಿಂದ ಐದು ಡಿಗ್ರಿ ಓರೆ ಹಿಡಿದರೆ ಗೆರೆ ನೇರ ಬರುತ್ತದೆ. ಪಕ್ಕದಲ್ಲಿ ಪಟ್ಟಿ ಕಟ್ಟಿಕೊಂಡು ನೇರ ಕೊಯ್ಯಲು ಹೋದರೆ ಆಗದಿರುವುದು ಇದಕ್ಕೇ.

ಯಾವ ಮರ

ಕಲಿಯಲು 12ರಿಂದ 18 ಮಿ.ಮೀ. ದಪ್ಪದ ಮೆದು ಮರ ಒಳ್ಳೆಯದು. ತೆಳು ಪ್ಲೈ ಸುಲಭ ಅನ್ನಿಸುತ್ತದೆ, ಆದರೆ ಬ್ಲೇಡು ಅದರಲ್ಲಿ ಬೆಣ್ಣೆಯಲ್ಲಿ ಓಡಿದ ಹಾಗೆ ಓಡಿ ಕೈಯ ಹಿಡಿತಕ್ಕೇ ಸಿಗುವುದಿಲ್ಲ. ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಹಲಗೆ, ಹೊಲದ ಬದುವಿನ ಸಿಲ್ವರ್ ಓಕ್, ಮಾವು ಇವು ಅಭ್ಯಾಸಕ್ಕೆ ಹೇಳಿ ಮಾಡಿಸಿದ್ದು. ಪೆಟ್ಟಿಗೆ ಹಲಗೆಯಾದರೆ ಮೊಳೆ ಒಂದೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಮಾವಿನ ಹಲಗೆಯಲ್ಲಿ ಸೂಜಿಮೊನೆಯಂಥ ತೂತು, ಅದರ ಕೆಳಗೆ ಬಿಳಿ ಪುಡಿ ಕಂಡರೆ ಹುಳು ಇನ್ನೂ ಒಳಗಿದೆ, ಮನೆಗೆ ತರಬೇಡಿ. ನೀಲಗಿರಿ ನಮ್ಮ ಕಡೆ ಸುಲಭಕ್ಕೆ ಸಿಕ್ಕರೂ ಅದರ ಎಳೆ ತಿರುಚಿಕೊಂಡಿರುತ್ತದೆ, ಒಣಗುವಾಗ ಸೊಟ್ಟಗಾಗುತ್ತದೆ, ಬ್ಲೇಡನ್ನೂ ಬೇಗ ಮೊಂಡು ಮಾಡುತ್ತದೆ. ಹಲಸು, ತೇಗ ಕೈ ಪಳಗಿದ ಮೇಲೆ.

ಮರ ಒಣಗಿರಲೇಬೇಕು. ಹಸಿ ಮರದಲ್ಲಿ ಕೊಯ್ತ ಹಿಂದೆಯೇ ಮುಚ್ಚಿಕೊಂಡು ಬ್ಲೇಡನ್ನು ಹಿಡಿದುಬಿಡುತ್ತದೆ. ಹಸಿ ಹಲಗೆಯಾದರೆ ನಡುನಡುವೆ ರಿಪೀಸು (ಮರದ ಸಣ್ಣ ಪಟ್ಟಿ) ಇಟ್ಟು ನೆರಳಲ್ಲಿ ಪೇರಿಸಿ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ.

ಮೊದಲ ಕೊಯ್ತ

ಟೇಬಲ್ಲು ಬ್ಲೇಡಿಗೆ 90 ಡಿಗ್ರಿ ಇದೆಯೇ ನೋಡಲು ಮೂಲೆಮಟ್ಟ ಇಡಿ. ಇನ್ನೂ ಖಚಿತವಾಗಬೇಕೆಂದರೆ ದಪ್ಪ ತುಂಡೊಂದರ ಅಂಚಿಗೆ 3 ಮಿ.ಮೀ. ಆಳ ಕಚ್ಚು ಹಾಕಿ, ಮಿಷನ್ನು ನಿಲ್ಲಿಸಿ, ತುಂಡನ್ನು ಬ್ಲೇಡಿನ ಹಿಂಬದಿಗೆ ತಿರುಗಿಸಿ ಇಡಿ. ಅದೇ ಕಚ್ಚಿನೊಳಗೆ ಬ್ಲೇಡಿನ ಬೆನ್ನು ಸಲೀಸಾಗಿ ಕೂತರೆ ಸರಿ. ತಿಕ್ಕಿದರೆ ಟೇಬಲ್ಲು ವಾಲಿದೆ. ಈ ಪರೀಕ್ಷೆಯಲ್ಲಿ ವಾಲು ಎರಡು ಪಟ್ಟಾಗಿ ಕಾಣುತ್ತದೆ, ಹಾಗಾಗಿ ಮೂಲೆಮಟ್ಟದ ಕಣ್ಣಿಗೆ ತಪ್ಪಿದ್ದೂ ಇಲ್ಲಿ ಸಿಕ್ಕಿಬೀಳುತ್ತದೆ.

ಹಲಗೆಯ ಮೇಲೆ ಮಾಸ್ಕಿಂಗ್ ಟೇಪ್ ಹಚ್ಚಿ, ಅದರ ಮೇಲೆ ಗ್ಲೂ ಸ್ಟಿಕ್ಕಿನಿಂದ ಚಿತ್ರದ ಕಾಗದ ಅಂಟಿಸಿ. ಎಲ್ಲಕ್ಕಿಂತ ಮೇಲೆ ಪಾರದರ್ಶಕ ಪ್ಯಾಕಿಂಗ್ ಟೇಪ್ ಒಂದು ಪದರ ಇದ್ದರೆ ಬ್ಲೇಡು ಜಾರಿ ಓಡುತ್ತದೆ, ಅಂಚು ಸುಡುವುದು ಕಡಿಮೆಯಾಗುತ್ತದೆ. ಕೆಲಸ ಮುಗಿದ ಮೇಲೆ ಮೂರೂ ಒಟ್ಟಿಗೆ ಕಿತ್ತು ಬರುತ್ತವೆ.

ಎರಡೂ ಅಂಗೈ ಹಲಗೆಯನ್ನು ಕೆಳಕ್ಕೆ ಒತ್ತಿರಲಿ, ಬೆರಳು ಬ್ಲೇಡಿನ ಎದುರು ನೇರಕ್ಕೆ ಬರದಿರಲಿ. ಮೂಲೆ ಬಂದಾಗ ಮುಂದಕ್ಕೆ ತಳ್ಳುವುದನ್ನು ಪೂರಾ ನಿಲ್ಲಿಸಿ, ಕೂದಲೆಳೆಯಷ್ಟು ಹಿಂದಕ್ಕೆ ಎಳೆದು ಬ್ಲೇಡಿನ ಬೆನ್ನಿಗೆ ಮರ ತಾಗಿಸಿ, ಹಾಗೇ ಮರವನ್ನು ತಿರುಗಿಸಿ. ಬೆನ್ನಿಗೆ ಹಲ್ಲಿಲ್ಲ, ಹಾಗಾಗಿ ಗೆರೆ ಕೆಡುವುದಿಲ್ಲ. ಕೈಗೆ ಇದು ಒಮ್ಮೆ ಬಂತೆಂದರೆ ಅರ್ಧ ಕೆಲಸ ಬಂದಂತೆ. ನೇರ ಗೆರೆ, ಅಲೆ, ವೃತ್ತ, ಚೂಪು ಮೂಲೆ ನಾಲ್ಕನ್ನೂ ಒಂದು ಸಂಜೆ ಬರೀ ತುಂಡಿನ ಮೇಲೆ ಕೊಯ್ದು ನೋಡಿ.

ನಂದಿ ಎಂದು ಕೊಯ್ಯುವಾಗ

ಮೊದಲ ವಸ್ತುವಾಗಿ ಕನ್ನಡದ ಹೆಸರಿನ ಹಲಗೆ ಒಳ್ಳೆಯ ಆಯ್ಕೆ, ನಮ್ಮ ಅಕ್ಷರದಲ್ಲಿ ನೇರ ಗೆರೆಗಿಂತ ದುಂಡೇ ಹೆಚ್ಚು. ‘ನಂದಿ’ ಎಂದಿಟ್ಟುಕೊಳ್ಳಿ. ಅಕ್ಷರದ ಎತ್ತರ 8 ಸೆ.ಮೀ., ಗೆರೆಯ ದಪ್ಪ 8 ಮಿ.ಮೀ.ಗೆ ಕಡಿಮೆ ಬೇಡ, ಹಲಗೆ 12 ಮಿ.ಮೀ., ಬ್ಲೇಡು 5. ಕಾಗದದ ಮೇಲೆ ಸೊನ್ನೆ ಬೇರೆ ನಿಂತಿರುತ್ತದೆ. ಹಾಗೇ ಕೊಯ್ದರೆ ಅದು ಉಂಗುರದಂತೆ ಉದುರಿ ಕೈಗೆ ಬರುತ್ತದೆ. ಅದನ್ನು ‘ನ’ಕ್ಕೂ ‘ದಿ’ಗೂ ತಾಗುವಂತೆ ಜರುಗಿಸಿ ಬರೆಯಬೇಕು, ತಾಗಿದ ಕಡೆ ಕನಿಷ್ಠ 5 ಮಿ.ಮೀ. ಮರ ಉಳಿಯಬೇಕು. ಒತ್ತಕ್ಷರಕ್ಕೂ ಇದೇ ನಿಯಮ. ‘ಠ’ದ ನಡುವಿನ ಚುಕ್ಕಿಗಂತೂ ಸೇತುವೆ ಇಡದೆ ಉಳಿಗಾಲವಿಲ್ಲ.

ಇದನ್ನು ಕಣ್ಣಾರೆ ಕಲಿಯಬೇಕೆಂದರೆ ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯಕ್ಕೆ ಹೋಗಿ ಅಲ್ಲಿನ ಕಲ್ಲಿನ ಜಾಲಂಧ್ರಗಳ, ಅಂದರೆ ಚಿತ್ರ ಬಿಟ್ಟು ಉಳಿದದ್ದನ್ನು ಕೊರೆದು ತೆಗೆದ ಕಿಟಕಿಗಳ, ಮುಂದೆ ನಿಲ್ಲಿ. ಕುಣಿಯುವ ಶಿವನ ಕೈ, ಕಾಲು ಪ್ರತಿಯೊಂದೂ ಎಲ್ಲೋ ಒಂದು ಕಡೆ ಸುತ್ತಿನ ಕಲ್ಲಿಗೆ ಅಂಟಿಯೇ ಇರುತ್ತದೆ, ಆದರೆ ಅದು ಆಸರೆಯೆಂದು ತೋರುವುದಿಲ್ಲ, ಚಿತ್ರದ ಭಾಗವೆಂದೇ ತೋರುತ್ತದೆ. ಒಳ್ಳೆಯ ಸ್ಕ್ರಾಲ್ ಸಾ ಚಿತ್ರ ಬರೆಯುವ ಗುಟ್ಟೆಲ್ಲ ಅಲ್ಲಿದೆ. ಪುಸ್ತಕ, ಪೆನ್ಸಿಲ್ಲು ಹಿಡಿದೇ ಹೋಗಿ.

ಕೊಯ್ಯುವಾಗ ಒಳಗಿನವು ಮೊದಲು, ಹೊರಗೆರೆ ಕೊನೆಗೆ. ಸುತ್ತಲಿನ ಹಲಗೆ ಇರುವಷ್ಟು ಹೊತ್ತು ಹಿಡಿಯಲು ಜಾಗ, ಮರಕ್ಕೆ ಬಲ. ‘ನಂದಿ’ಯಲ್ಲಿ ಸೊನ್ನೆಯ ಒಳಗು, ಗುಡಿಸಿನ ಒಳಗು ಎರಡಂತೂ ಇದ್ದೇ ಇವೆ. ತೆಗೆದುಹಾಕುವ ಭಾಗದ ನಡುವೆ, ಗೆರೆಗೆ ತಾಗದಂತೆ, 2 ಮಿ.ಮೀ. ತೂತು ಕೊರೆಯಿರಿ, ಅಡಿಗೆ ಬೇಡದ ಹಲಗೆ ಇಟ್ಟರೆ ಕೆಳಗೆ ಸಿಬಿರೇಳುವುದಿಲ್ಲ. ಬಿಗಿ ಸಡಿಲಿಸಿ, ಬ್ಲೇಡಿನ ಮೇಲ್ತುದಿ ಬಿಚ್ಚಿ, ತೂತಿನಲ್ಲಿ ತೂರಿಸಿ, ಮತ್ತೆ ಕ್ಲ್ಯಾಂಪಿಗೆ ಹಾಕಿ. ಮಿಷನ್ನು ಹಾಕುವ ಮುನ್ನ ಒಮ್ಮೆ ಮೀಟಿ. ಬಿಗಿ ಮಾಡಲು ಮರೆತು ಬ್ಲೇಡು ಕಳೆದುಕೊಳ್ಳುವುದು ಇಲ್ಲೇ.

ನಡುವೆ ಅಂಚು ಕಪ್ಪಾದರೆ ವೇಗ ಇಳಿಸಿ, ಬ್ಲೇಡು ಬದಲಿಸಿ. ಬ್ಲೇಡು ಕ್ಲ್ಯಾಂಪಿನ ಬುಡದಲ್ಲೇ ಮುರಿದರೆ ಬಿಗಿ ಅತಿಯಾಗಿದೆ. ನಡುಮಧ್ಯೆ ಮುರಿದರೆ ನೀವು ತಳ್ಳಿದ್ದು ಹೆಚ್ಚಾಯಿತು. ಹಲಗೆ ಬ್ಲೇಡಿನ ಜೊತೆ ಮೇಲೆ ಕೆಳಗೆ ಹಾರಿದರೆ ಕೈ ಒತ್ತಡ ಸಾಲದು. ಮುರಿದ ಕೂಡಲೇ ಕೈ ಹಿಂದಕ್ಕೆ ತೆಗೆದು ಸ್ವಿಚ್ಚು ಆರಿಸಿ, ಆಮೇಲೆ ತುಂಡು ಹುಡುಕಿ. ಕನ್ನಡಕ, ಎನ್95 ಮಾಸ್ಕು ಹಾಕಿಯೇ ಕೂರಿ, ಎಂ.ಡಿ.ಎಫ್. (ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ) ಕೊಯ್ಯುವಾಗ ಮರೆಯಲೇಬೇಡಿ. ಸೆರಗು, ದುಪಟ್ಟಾ, ಬಿಚ್ಚಿದ ಕೂದಲು ಕಟ್ಟಿಕೊಳ್ಳಿ.

ಅಂಚನ್ನು 120, 180, 240ರ ಉಪ್ಪುಕಾಗದದಿಂದ ಆ ಕ್ರಮದಲ್ಲೇ ಉಜ್ಜಿ, ಹುಡಿ ಒರೆಸಿ, ಬೇಯಿಸಿದ ಅಗಸೆ ಎಣ್ಣೆ ತೆಳುವಾಗಿ ಸವರಿ, ಹದಿನೈದು ನಿಮಿಷ ಬಿಟ್ಟು ಹೆಚ್ಚಿನದನ್ನು ಒರೆಸಿ ತೆಗೆಯಿರಿ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವೇರುತ್ತದೆ, ಮುದ್ದೆಯೊಳಗಿನ ಕಾವು ಹೊರಹೋಗಲಾರದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹೊರಗೆ ತಂತಿಯ ಮೇಲೆ ಹರಡಿ, ಪೂರ್ತಿ ಒಣಗಿ ಗಡುಸಾದ ಮೇಲೆ ಕಸಕ್ಕೆ ಹಾಕಿ.