ಹಿಗ್ಗಿದ್ದು ಜೀವಕೋಶಕ್ಕೆ ಹೇಗೆ ಗೊತ್ತಾಗುತ್ತೆ?

ರಕ್ತದೊತ್ತಡ ಹತೋಟಿಯಲ್ಲಿ ಇರುವುದು ಹೇಗೆ ಅನ್ನುವ ಪಾಠವನ್ನು ನಾನು ಹನ್ನೊಂದು ವರ್ಷ ಒಂದೇ ರೀತಿ ಮಾಡಿದ್ದೆ. ಕುತ್ತಿಗೆಯ ಕೆರೋಟಿಡ್ ಸೈನಸ್‌ನಲ್ಲಿ, ಹೃದಯದಿಂದ ಹೊರಡುವ ಮಹಾಪಧಮನಿಯ ಬಾಗಿನಲ್ಲಿ ಒತ್ತಡ ಅರಿಯುವ ನರತುದಿಗಳು, ಅಂದರೆ ಬ್ಯಾರೋರಿಸೆಪ್ಟರ್‌ಗಳಿವೆ. ಒತ್ತಡ ಏರಿದರೆ ರಕ್ತನಾಳದ ಗೋಡೆ ಹಿಗ್ಗುತ್ತದೆ, ಅವಕ್ಕೆ ಗೊತ್ತಾಗುತ್ತದೆ, ಮಿದುಳಿಗೆ ಸುದ್ದಿ ಹೋಗುತ್ತದೆ, ಹೃದಯದ ಬಡಿತ ಇಳಿಯುತ್ತದೆ. ಬೋರ್ಡ್ ಮೇಲೆ ನಾಲ್ಕು ಬಾಣ ಎಳೆದರೆ ಪಾಠ ಮುಗಿಯಿತು.

ಹನ್ನೆರಡನೇ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. "ಮೇಡಂ, ಹಿಗ್ಗಿದ್ದು ಅದಕ್ಕೆ ಹೇಗೆ ಗೊತ್ತಾಗುತ್ತೆ?"

"ಅದು ಮೆಕ್ಯಾನೋರಿಸೆಪ್ಟರ್ ಅಲ್ವಾ, ಅದಕ್ಕೇ" ಎಂದೆ. ಹೇಳುತ್ತಿದ್ದಂತೆಯೇ ನಾಚಿಕೆಯಾಯಿತು. ಅವಳು ಕೇಳಿದ್ದು ಕಾರಣ, ನಾನು ಕೊಟ್ಟಿದ್ದು ಇನ್ನೊಂದು ಉದ್ದದ ಹೆಸರು.

ಆ ರಾತ್ರಿ ಕೂತು ಓದಿದೆ. ಉತ್ತರದ ತುದಿ 2010ರಲ್ಲೇ ಸಿಕ್ಕಿತ್ತು. ನನ್ನ ನೋಟ್ಸ್ ಮಾತ್ರ ಅದಕ್ಕಿಂತ ಹಳೆಯದು. ಆರ್ಡೆಮ್ ಪಟಪೂಟಿಯನ್ ಅವರ ಲ್ಯಾಬಿನಲ್ಲಿ ಬರ್ಟ್ರಾಂಡ್ ಕೊಸ್ಟ್ ಎಂಬ ಸಂಶೋಧಕ ಇಲಿಯ ನರದ ಕ್ಯಾನ್ಸರ್ ಗಡ್ಡೆಯಿಂದ ಬೆಳೆಸಿದ ಜೀವಕೋಶಗಳನ್ನು ತೆಗೆದುಕೊಂಡರು. ಸಣ್ಣ ಗಾಜಿನ ಕೊಳವೆಯಿಂದ ಕೋಶವನ್ನು ಚುಚ್ಚದೆ ಸುಮ್ನೆ ಒತ್ತಿದರೆ ಅದರಲ್ಲಿ ಕರೆಂಟ್ ಹರಿಯುತ್ತಿತ್ತು. ಕೋಶದ ಪೊರೆಯಲ್ಲಿ ಅಯಾನುಗಳನ್ನು ದಾಟಿಸುವ ಬಾಗಿಲಿಗೆ ಚಾನೆಲ್ ಎನ್ನುತ್ತಾರೆ. ಇಲ್ಲಿ ಯಾವ ಚಾನೆಲ್ ತೆರೆದುಕೊಳ್ಳುತ್ತಿದೆ? ಅನುಮಾನದ ಪಟ್ಟಿಯಲ್ಲಿ 72 ಜೀನ್‌ಗಳಿದ್ದವು. ಒಂದೊಂದನ್ನೇ ಬಾಯಿಮುಚ್ಚಿಸಿ, ಮತ್ತೆ ಒತ್ತಿ ನೋಡುತ್ತಾ ಹೋದರು. ಕರೆಂಟ್ ನಿಂತದ್ದು ಪಟ್ಟಿಯ ಕೊನೆಯ ಜೀನಿಗೆ. ಒತ್ತಡ ಎಂಬ ಅರ್ಥದ ಗ್ರೀಕ್ ಪದದಿಂದ ಅದಕ್ಕೆ ಪೀಜೋ1 ಎಂದು ಹೆಸರಿಟ್ಟರು. 2021ರ ವೈದ್ಯಕೀಯ ನೊಬೆಲ್ ಪಟಪೂಟಿಯನ್ ಮತ್ತು ಡೇವಿಡ್ ಜೂಲಿಯಸ್ ಇಬ್ಬರಿಗೂ ಬಂತು. ಜೂಲಿಯಸ್ ಅವರದು ಬಿಸಿ ಮತ್ತು ಮೆಣಸಿನಕಾಯಿ ಖಾರದ ಕಥೆ. ಅದು ಇನ್ನೊಂದು ದಿನಕ್ಕೆ.

ಮುಂದಿನ ಕ್ಲಾಸಿಗೆ 72 ಚೀಟಿ ಮಾಡಿಕೊಂಡು ಹೋದೆ. 71ರಲ್ಲಿ "ಕರೆಂಟ್ ಹಾಗೇ ಇದೆ" ಎಂದು ಬರೆದು ಡಬ್ಬಿಗೆ ಹಾಕಿದ್ದೆ. ಒಂದು ಚೀಟಿ ನನ್ನ ಅಂಗೈಯಲ್ಲೇ ಇತ್ತು. ಮೋಸವೇ, ಒಪ್ಪುತ್ತೇನೆ. ಮಕ್ಕಳು ಒಂದೊಂದೇ ಎತ್ತಿ ಜೋರಾಗಿ ಓದಬೇಕು. ಹತ್ತರವರೆಗೂ ನಗು. ಇಪ್ಪತ್ತೈದಕ್ಕೆ ಆಕಳಿಕೆ. ನಲವತ್ತರ ಹೊತ್ತಿಗೆ ಒಬ್ಬ ಎದ್ದು, "ಪಟ್ಟಿನೇ ತಪ್ಪಿರಬೇಕು ಮೇಡಂ, ಬಿಟ್ಟುಬಿಡೋಣ" ಎಂದ. ನನಗೆ ಬೇಕಿದ್ದ ಮಾತು ಅದೇ. ಅಲ್ಲೇ ನಿಲ್ಲಿಸಿ, ಪಟ್ಟಿ ಸರಿ ಇದೆಯೋ ಇಲ್ಲವೋ ಅಂತ ಹೇಗೆ ತಿಳಿಯುತ್ತೀರಿ ಎಂದು ಕೇಳಿದೆ. ಅರ್ಧ ಗಂಟೆ ಅದರಲ್ಲೇ ಹೋಯಿತು. ಸಿಲಬಸ್ಸಿನಲ್ಲಿ ಇಲ್ಲದ ಆ ಅರ್ಧ ಗಂಟೆಯೇ ಆ ವರ್ಷದ ನನ್ನ ಒಳ್ಳೆಯ ಪಾಠ.

ಬೊಂಬೆ ಮಾಡಿ ತೋರಿಸುವುದು ಮಾತ್ರ ಕಷ್ಟವಾಯಿತು. ಪೀಜೋ ಚಾನೆಲ್‌ನಲ್ಲಿ ಮೂರು ಪ್ರೋಟೀನ್ ಎಳೆಗಳು ಸೇರಿ ಮೂರು ರೆಕ್ಕೆಯ ಫ್ಯಾನ್ ಥರ ನಿಂತಿವೆ. ರೆಕ್ಕೆಗಳು ಬಾಗಿರುವುದರಿಂದ ಪೊರೆ ಅಲ್ಲಿ ಬಟ್ಟಲಿನಂತೆ ತಗ್ಗಾಗಿರುತ್ತದೆ. ಪೊರೆಯನ್ನು ಎಳೆದರೆ ಬಟ್ಟಲು ಚಪ್ಪಟೆಯಾಗಿ ನಡುವಿನ ಬಾಗಿಲು ತೆರೆಯುತ್ತದೆ. ನಾಲ್ವರಿಂದ ಒಂದು ದುಪಟ್ಟಾ ಸಡಿಲವಾಗಿ ಹಿಡಿಸಿ, ನಡುವೆ ಒಂದು ಚೆಂಡು ಇಟ್ಟೆ. ಎಳೆಯಿರಿ ಎಂದೆ. ತಗ್ಗು ಮಾಯವಾಯಿತು, ಚೆಂಡು ಹಾರಿ ಕಿಟಕಿಗೆ ಬಡಿಯಿತು. ಬಾಗಿಲು ತೆರೆಯುವುದನ್ನು ಇದು ತೋರಿಸುವುದಿಲ್ಲ, ನಿಜ. ಆದರೆ ಎಳೆತವೇ ಆಕಾರ ಬದಲಿಸುತ್ತದೆ, ಮಧ್ಯೆ ಬೇರೆ ಸಂದೇಶವಾಹಕ ಬೇಕಿಲ್ಲ ಅನ್ನುವುದು ತಲೆಗೆ ಹೋಯಿತು. 2018ರಲ್ಲಿ ಇಲಿಗಳ ಆ ನರಗಳಲ್ಲಿ ಪೀಜೋ1, ಅದನ್ನೇ ಹೋಲುವ ಪೀಜೋ2 ಎರಡನ್ನೂ ತೆಗೆದಾಗ ಬ್ಯಾರೋರಿಸೆಪ್ಟರ್ ಪ್ರತಿಕ್ರಿಯೆಯೇ ಇಲ್ಲವಾಯಿತು. ನನ್ನ ಹಳೆಯ ನಾಲ್ಕು ಬಾಣಗಳಲ್ಲಿ ಎರಡನೆಯದರ ಒಳಗೆ ಈಗ ಒಂದು ಬಾಗಿಲು ಇದೆ.

ಇನ್ನು ಪ್ರಾಕ್ಟಿಕಲ್. ಕೆಂಪು ರಕ್ತಕಣವನ್ನು ಬೇರೆ ಬೇರೆ ಉಪ್ಪುನೀರಿನಲ್ಲಿ ಹಾಕಿ ನೋಡುವ ಪ್ರಯೋಗ ಎಲ್ಲರಿಗೂ ಗೊತ್ತು. 0.9% ದ್ರಾವಣದಲ್ಲಿ ಹಾಗೇ ಇರಬೇಕು, 3%ರಲ್ಲಿ ಮುದುಡಬೇಕು, 0.3%ರಲ್ಲಿ ಒಡೆಯಬೇಕು. ನಮ್ಮ ಲ್ಯಾಬಿನಲ್ಲಿ 0.9%ರಲ್ಲೇ ಕಣಗಳ ಮೈತುಂಬ ಮುಳ್ಳು. ಮಕ್ಕಳು ನಿಷ್ಠೆಯಿಂದ ಕಂಡದ್ದನ್ನೇ ಬರೆದರು. ನಾನು ಕೆಂಪು ಇಂಕಿನಲ್ಲಿ ಹೊಡೆದು ಹಾಕಿದೆ. ಎರಡು ವರ್ಷ ತೂಕದ ಯಂತ್ರವನ್ನೂ ಉಪ್ಪನ್ನೂ ಬೈದುಕೊಂಡೆ. ಕೊನೆಗೆ ನೋಡಿದರೆ ತಪ್ಪು ಗಾಜಿನದು. ಪ್ಲಾಸ್ಮಾ ಇಲ್ಲದ ಬರೀ ಉಪ್ಪುನೀರಿನಲ್ಲಿ ಗಾಜು ಕಣದ ಸುತ್ತ ಕ್ಷಾರವನ್ನು ಸ್ವಲ್ಪ ಹೆಚ್ಚಿಸುತ್ತದೆ, ಕಣ ಮುಳ್ಳಾಗಲು ಅಷ್ಟು ಸಾಕು. ಈಗ ದ್ರಾವಣಕ್ಕೆ ಚೂರು ಆಲ್ಬುಮಿನ್ ಎಂಬ ಪ್ರೋಟೀನ್ ಹಾಕುತ್ತೇನೆ, ಅಥವಾ ಪ್ಲಾಸ್ಟಿಕ್ ಸ್ಲೈಡ್ ಬಳಸುತ್ತೇನೆ. ಕವರ್‌ಸ್ಲಿಪ್ ಅಂಚಿಗೆ ವ್ಯಾಸಲೀನ್ ಹಚ್ಚುವುದನ್ನು ಮರೆಯಬೇಡಿ. ಅಂಚು ಒಣಗಿದರೆ ಉಪ್ಪು ಗಟ್ಟಿಯಾಗಿ ಮತ್ತೆ ಅದೇ ಮುಳ್ಳು. ರಕ್ತ ನನ್ನ ಬೆರಳಿನದು, ಸೂಜಿ ಒಮ್ಮೆ ಬಳಸಿ ಎಸೆಯುವಂಥದ್ದು. ಮಕ್ಕಳ ಬೆರಳು ಚುಚ್ಚುವುದಿಲ್ಲ. ಹೊಡೆದು ಹಾಕಿದ್ದ ಆ ರೆಕಾರ್ಡ್‌ಗಳಿಗೆ ಅಂಕ ಮರಳಿ ಕೊಡುವ ದಾರಿ ಇರಲಿಲ್ಲ, ಆ ಬ್ಯಾಚ್ ಹೋಗಿಯಾಗಿತ್ತು.

ಈ ಹಳೆಯ ಪ್ರಯೋಗಕ್ಕೂ ಪೀಜೋಗೂ ಸಂಬಂಧ ಇದೆ ಎಂದು ಗೊತ್ತಾದಾಗ ನನಗೇ ಖುಷಿಯಾಯಿತು. ಸುಮಾರು 7.5 ಮೈಕ್ರಾನ್ ಅಗಲದ ಕಣ ತನಗಿಂತ ಕಿರಿದಾದ ಲೋಮನಾಳದಲ್ಲಿ ನುಸುಳಬೇಕು. ಆಗ ಪೀಜೋ1 ತೆರೆದು ಕ್ಯಾಲ್ಸಿಯಂ ಒಳಬರುತ್ತದೆ. ಅದು ಇನ್ನೊಂದು ಚಾನೆಲ್ ತೆರೆಸಿ ಪೊಟ್ಯಾಸಿಯಂ ಹೊರಹೋಗುತ್ತದೆ, ಹಿಂದೆಯೇ ನೀರು. ಪೀಜೋ1 ಬಾಗಿಲು ಮುಚ್ಚಲು ತಡಮಾಡುವ ಕೆಲವರಲ್ಲಿ ಕಣಗಳು ಸದಾ ನೀರು ಕಮ್ಮಿಯಾಗಿ ಬಾಡಿರುತ್ತವೆ. ಈ ಕಾಯಿಲೆಯ ಹಿಂದೆ ಪೀಜೋ1 ಇದೆ ಎಂದು 2012ರಲ್ಲಿ ಗೊತ್ತಾಯಿತು. ಅಂಥ ಕಣಗಳನ್ನು ತೆಳು ಉಪ್ಪುನೀರಿಗೆ ಹಾಕಿದರೆ ಬೇಗ ಒಡೆಯುತ್ತವೋ, ತಡವಾಗಿಯೋ? ಪರೀಕ್ಷೆಯಲ್ಲಿ ಇದನ್ನೇ ಕೇಳಿದ್ದೆ. "ಕಾಯಿಲೆ ಕಣ, ಆದ್ದರಿಂದ ಬೇಗ" ಎಂದು ಹೆಚ್ಚಿನವರು ಬರೆದರು. ತಡವಾಗಿ ಒಡೆಯುತ್ತವೆ. ಬಾಡಿದ ಚೀಲಕ್ಕೆ ಊದಿಕೊಳ್ಳಲು ಜಾಗ ಜಾಸ್ತಿ.

ಕಳೆದ ವಾರ ಒಬ್ಬ ಹುಡುಗ ಕವರ್‌ಸ್ಲಿಪ್ ಮೇಲೆ ಪೆನ್ಸಿಲ್ ತುದಿಯಿಂದ ಮೆಲ್ಲಗೆ ಒತ್ತುತ್ತಾ ಕಣ್ಣು ಮೈಕ್ರೋಸ್ಕೋಪಿಗಿಟ್ಟು ಕೂತಿದ್ದ. ಏನು ಮಾಡ್ತಿದ್ದೀಯಾ ಎಂದೆ. "ಒತ್ತಿದರೆ ಪೀಜೋ ತೆರೆದು ಕಣ ಮುದುಡುತ್ತಾ ನೋಡ್ತಿದ್ದೆ ಮೇಡಂ. ಏನೂ ಆಗ್ತಿಲ್ಲ." ನಾನು ಬಾಯಿ ತೆರೆಯುವ ಮೊದಲೇ ಪಕ್ಕದವಳು ಬಾಟಲಿ ಎತ್ತಿ ಲೇಬಲ್ ಓದಿದಳು. "ಲೋ, ಇದರಲ್ಲಿ ಬರೀ ಸೋಡಿಯಂ ಕ್ಲೋರೈಡ್. ಕ್ಯಾಲ್ಸಿಯಂ ಎಲ್ಲಿದೆ ಒಳಗೆ ಹೋಗೋಕೆ?"

ಮುಂದಿನ ವಾರಕ್ಕೆ ಎರಡು ಬಾಟಲಿ ಮಾಡಿಟ್ಟಿದ್ದೇನೆ, ಕ್ಯಾಲ್ಸಿಯಂ ಇರುವುದೊಂದು, ಇಲ್ಲದ್ದೊಂದು. ಯಾವುದು ಯಾವುದೆಂದು ಲೇಬಲ್ ಹಚ್ಚಿಲ್ಲ.