ಓಡುತ್ತಿರುವ ವಿಎಂನಿಂದ ಮೆಮೊರಿ ಹಿಂಪಡೆದದ್ದು: ನನ್ನ ಅನುಭವ

ಓಡುತ್ತಿರುವ ವಿಎಂಗೆ, ಅಂದರೆ ಒಂದು ಯಂತ್ರದೊಳಗೆ ತಂತ್ರಾಂಶದಿಂದ ನಡೆಯುವ ವರ್ಚುವಲ್ ಕಂಪ್ಯೂಟರ್‌ಗೆ, ಮೆಮೊರಿ ಸೇರಿಸುವುದು ಯಾರಿಗಾದರೂ ಬರುತ್ತದೆ. ಕೊಟ್ಟದ್ದನ್ನು ರೀಬೂಟ್ ಇಲ್ಲದೆ ಹಿಂಪಡೆಯುತ್ತೇನೆ ಎಂದಾಗ ನಮ್ಮ ತಂಡದಲ್ಲಿ ನಕ್ಕವರೇ ಹೆಚ್ಚು. ಈಗ ಪ್ರತಿ ರಾತ್ರಿ 24 ಜಿಬಿ ಹೋಗಿ ಬೆಳಗಾಗುವಷ್ಟರಲ್ಲಿ ಮರಳಿ ಬರುತ್ತಿದೆ.

ನಮ್ಮದು 128 ಜಿಬಿಯ ಒಂದೇ ಕೆವಿಎಂ ಹೋಸ್ಟ್, ಅಂದರೆ ಲಿನಕ್ಸ್‌ನ ಕೆವಿಎಂ ಮೂಲಕ ವಿಎಂಗಳನ್ನು ಓಡಿಸುವ ಯಂತ್ರ. ವರದಿ ತಯಾರಿಸುವ ವಿಎಂಗೆ ಹಗಲು 8 ಜಿಬಿ ಧಾರಾಳ, ರಾತ್ರಿ 32 ಬೇಕೇ ಬೇಕು. ಹೊಸ ಮೆಮೊರಿ ಮಾಡ್ಯೂಲ್‌ಗಳಿಗೆ ಕೊಟೇಶನ್ ತರಿಸಿದರೆ ತೆರಿಗೆ ಸೇರಿ ಲಕ್ಷದ ಆಸುಪಾಸು. ಹಗಲೆಲ್ಲ ಸುಮ್ಮನೆ ಬಿದ್ದಿರುವ ಮೆಮೊರಿಗೆ ಅಷ್ಟು ಹಣ ಕೊಡಲು ನನಗೆ ಮನಸ್ಸಾಗಲಿಲ್ಲ.

ಮೊದಲು ನೆಚ್ಚಿದ್ದು ಬಲೂನ್: ವಿಎಂನೊಳಗಿನ ಒಂದು ಡ್ರೈವರ್ ಬಲೂನಿನಂತೆ ಉಬ್ಬಿ ಮೆಮೊರಿ ಹಿಡಿದು ಹೋಸ್ಟ್‌ಗೆ ಮರಳಿಸುತ್ತದೆ. ಸ್ವಲ್ಪ ಜೋರಾಗಿ ಊದಿದ ರಾತ್ರಿ ಗೆಸ್ಟ್‌ನ (ವಿಎಂನೊಳಗಿನ ಕಾರ್ಯಾಚರಣಾ ವ್ಯವಸ್ಥೆಯ) ಕರ್ನಲ್ ವರದಿಯ ಪ್ರಕ್ರಿಯೆಯನ್ನೇ ಕೊಂದುಹಾಕಿತು. ಆಮೇಲೆ 8 ಜಿಬಿಯ ಡಿಮ್‌ಗಳು, ಅಂದರೆ ವಿಎಂಗೆ ತೋರಿಸುವ ವರ್ಚುವಲ್ ಮೆಮೊರಿ ಮಾಡ್ಯೂಲ್‌ಗಳು. ಸೇರಿಸುವಾಗ ತಕರಾರಿಲ್ಲ. ತೆಗೆಯಲು ಹೋದರೆ ವಿಎಂ ಓಡಿಸುವ ತಂತ್ರಾಂಶವಾದ ಕ್ಯೂಎಮು ವಿನಂತಿಯನ್ನು ಗೆಸ್ಟ್‌ಗೆ ದಾಟಿಸಿ ಸುಮ್ಮನಾಗುತ್ತದೆ. ಆದೇಶ ಯಶಸ್ವಿ, ಡಿಮ್ ಮಾತ್ರ ಅಲ್ಲೇ. ಅಲುಗಿಸಲಾಗದ ಒಂದೇ ಒಂದು ಕರ್ನಲ್ ಪುಟ (ಮೆಮೊರಿಯ ಪುಟ್ಟ ತುಣುಕು) ಅದರೊಳಗೆ ಕುಳಿತಿದ್ದರೂ ಇಡೀ 8 ಜಿಬಿ ಸಿಕ್ಕಿಬಿದ್ದಂತೆ. ಅಲುಗಿಸಬಹುದಾದ ಪುಟಗಳಿಗೆಂದೇ ಇರುವ ಮೂವಬಲ್ ವಲಯಕ್ಕೆ ಸೇರಿಸಿ ನೋಡಿದ ಮೇಲೆ ಬಹುಪಾಲು ಹೊರಬಂತು, ಆದರೂ ಕೊಟ್ಟರೆ ಪೂರ್ತಿ ಡಿಮ್, ಇಲ್ಲವಾದರೆ ಏನೂ ಇಲ್ಲ.

ಕೊನೆಗೆ ಕೈಹಿಡಿದದ್ದು ವರ್ಟಿಯೊ-ಮೆಮ್ ಎಂಬ ವರ್ಚುವಲ್ ಮೆಮೊರಿ ಸಾಧನ. ಲಿನಕ್ಸ್ 5.8 ಮತ್ತು ಕ್ಯೂಎಮು 5.1ರಿಂದ, ಅಂದರೆ 2020ರಿಂದ ಲಭ್ಯವಿದ್ದರೂ ನಮ್ಮಲ್ಲಿ ಯಾರೂ ಮುಟ್ಟಿರಲಿಲ್ಲ. ಗರಿಷ್ಠ ಮಿತಿ ಮತ್ತು ಸಾಧನವನ್ನು ಸೇರಿಸಲು ಒಮ್ಮೆ ಮಾತ್ರ ವಿಎಂ ನಿಲ್ಲಿಸಿದೆ. ಅಲ್ಲಿಂದ ಮುಂದೆ ಬೇಕಾದ ಗಾತ್ರ ಹೇಳಿದರೆ ಸಾಕು, ಮೆಮೊರಿ ಕೆಲವೇ ಎಂಬಿಗಳ ತುಂಡುಗಳಲ್ಲಿ ಬರುತ್ತದೆ, ಹೋಗುತ್ತದೆ. ಮೊದಲ ಸಲ 24 ಜಿಬಿ ವಾಪಸ್ ಕೇಳಿದ್ದಕ್ಕೆ 20ರ ಚಿಲ್ಲರೆ ಕೊಟ್ಟಿತು. ಗೆಸ್ಟ್ ತಾನೇ ಮತ್ತೆ ಮತ್ತೆ ಪ್ರಯತ್ನಿಸಿ ಉಳಿದದ್ದನ್ನು ಆಮೇಲೆ ಬಿಟ್ಟಿತು. ಈಗ ಒಂದೇ ಏಟಿಗೆ ಹೆಚ್ಚುಕಡಿಮೆ ಪೂರ್ತಿ ಬರುತ್ತದೆ. ಹಿಂಪಡೆಯುವ ಮುನ್ನ ಗೆಸ್ಟ್‌ನೊಳಗೆ ಓಡಿಸುವ ಎರಡು ಸಾಲು ಅದಕ್ಕೆ ಕಾರಣ, ಆ ಎರಡು ಸಾಲು ನನ್ನ ಬಳಿಯೇ ಇರಲಿ.

ಜಾವಾದವರಿಗೆ ಒಂದು ಮಾತು: ಹೀಪ್‌ನ (ಜಾವಾ ಪ್ರೋಗ್ರಾಂ ತನ್ನ ದತ್ತಾಂಶ ಇಡುವ ಮೆಮೊರಿಯ) ಮೇಲ್ಮಿತಿ ಆರಂಭದಲ್ಲೇ ನಿಗದಿಯಾಗುವುದರಿಂದ ಅದನ್ನು ರಾತ್ರಿಯ ಗಾತ್ರಕ್ಕೆ ತಕ್ಕಂತೆ ಇಡಿ. ಕೆಲಸ ಮುಗಿದ ಮೇಲೆ ಹೀಪ್ ಕುಗ್ಗದಿದ್ದರೆ ಹಿಂಪಡೆಯಲು ಏನೂ ಉಳಿಯುವುದಿಲ್ಲ. ಜಾವಾದ ಜೆಡಿಕೆ 12ನೇ ಆವೃತ್ತಿಯಿಂದ, ಬೇಡವಾದ ಮೆಮೊರಿ ಗುಡಿಸುವ ಜಿ1 ಸಂಗ್ರಾಹಕಕ್ಕೆ ಬಿಡುವಿನ ವೇಳೆ ಮೆಮೊರಿ ಮರಳಿಸುವ ಆಯ್ಕೆ ಇದೆ, ಅದನ್ನು ನೀವೇ ಚಾಲೂ ಮಾಡಬೇಕು.

ಕುತೂಹಲಕ್ಕೆ 1 ಜಿಬಿಯ ಪುಟ್ಟ ವಿಎಂ ಒಂದಕ್ಕೆ 64 ಜಿಬಿ ತುರುಕಲು ನೋಡಿದೆ. ಪ್ರತಿ 4 ಕೆಬಿ ಪುಟದ ಲೆಕ್ಕವಿಡಲು ಕರ್ನಲ್‌ಗೆ ಮೂಲ ಮೆಮೊರಿಯಿಂದ 64 ಬೈಟ್ ಬೇಕು. 64 ಜಿಬಿಗೆ ಆ ಲೆಕ್ಕವೇ 1 ಜಿಬಿ! ಪಾಪದ ವಿಎಂ ಅರ್ಧದಲ್ಲೇ ಉಸಿರುಕಟ್ಟಿತು. ಹಾಗಾಗಿ ಮೂಲ ಮೆಮೊರಿಯ ಮೂರು ಪಟ್ಟಿಗಿಂತ ಹೆಚ್ಚನ್ನು ನಾನು ಮೂವಬಲ್ ವಲಯಕ್ಕೆ ಹಾಕುವುದಿಲ್ಲ. 8ಕ್ಕೆ 24 ಎಂಬ ನನ್ನ ಲೆಕ್ಕ ಬಂದದ್ದೂ ಅಲ್ಲಿಂದಲೇ. ನಮ್ಮ ವಿಂಡೋಸ್ ಗೆಸ್ಟ್‌ಗಳು ಸದ್ಯಕ್ಕೆ ಬಲೂನ್ ಮೇಲೆಯೇ ಇವೆ, ಅವುಗಳ ಗೋಜಿಗೆ ಹೋಗಿಲ್ಲ.